ತಕ್ಕಡಿಯಲ್ಲಿ ತೂಗದ ಪೈಲ್ವಾನರು

ತುಳಸಿಗೇರಿಯ ಹುಡುಗರಿಗೆ ಹೆಸರಿನ ಬರ. ಊರ ದೇವರು ಹನುಮಪ್ಪ. ಹಾಗಾಗಿ ನಮ್ಮ ತರಗತಿಯಲ್ಲಿ ಹಣಮಂತ, ಹಣಮಪ್ಪ, ಮಾರುತಿ, ತುಳಸಿಗೇರಪ್ಪ, ಮತ್ತೊಬ್ಬ ಹಣಮಂತ. ಮಾಸ್ತರರು ಹಾಜರಿ ಕರೆಯುವಾಗ ಮನೆತನದ ಹೆಸರು ಸೇರಿಸದಿದ್ದರೆ ಒಂದೇ ಹೆಸರಿಗೆ ಮೂರು ಮೂಲೆಯಿಂದ 'ಹಾಜರ್ ಸರ್' ಏಳುತ್ತಿತ್ತು. ಗರಡಿಮನೆಯಲ್ಲೂ ಅದೇ ಪಾಡು. ಪೈಲ್ವಾನರನ್ನು ಹೆಸರಿನಿಂದ ಗುರುತಿಸಲಾಗದೆ ಕಿವಿ, ಮೀಸೆ, ಊರು ಹಿಡಿದು ಕರೆಯುತ್ತಿದ್ದರು: ಮುದುರ ಕಿವಿಯಾಂವ, ಕೆಂಪ ಲಂಗೋಟದಾಂವ, ಕಲಾದಗಿಯಾಂವ. ನಾವು ಪೈಲ್ವಾನರ ಕಾರ್ಡಿನ ಕಟ್ಟು ಮಾಡಲು ಕೂತಾಗ ಮೊದಲ ಜಗಳ ಎದ್ದದ್ದು ಇಲ್ಲಿಯೇ. ಕಟ್ಟಿನ ತುಂಬ ಹಣಮಂತರೇ ಆದರೆ ಆಟ ಆಡುವುದು ಹೇಗೆ?

1990ರ ದಶಕದ ನಡುವಿನ ಮಾತು. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಯ ತಾಲ್ಲೂಕು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಊರಿನಲ್ಲಿದ್ದ ಕೆಲವೇ ಟಿವಿಗಳಲ್ಲಿ ದೂರದರ್ಶನ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕೇಬಲ್ಲಿನ ಸುದ್ದಿ ಬಾಗಲಕೋಟೆ ಪೇಟೆಯ ತನಕ ಬಂದಿತ್ತಂತೆ, ಗದ್ದನಕೇರಿ ಕ್ರಾಸ್ ದಾಟಿ ನಮ್ಮ ಕಡೆ ಹೊರಳಿರಲಿಲ್ಲ. ಆದರೆ ಟಿವಿಗಿಂತ ಮೊದಲೇ ಜಾತ್ರೆಯ ಆಟಿಕೆ ಅಂಗಡಿಗಳಿಗೆ ಡಬ್ಲ್ಯುಡಬ್ಲ್ಯುಎಫ್ ಕಾರ್ಡು ಬಂದವು. ಬಳೆ, ಪೀಪಿ, ಬೆಂಡು ಬತ್ತಾಸಿನ ನಡುವೆ ಹಲ್ಕ್ ಹೋಗನ್, ಅಂಡರ್‌ಟೇಕರ್, ಯೊಕೊಝೂನಾ. ಅವರು ಕಾದಾಡಿದ್ದನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ನಮಗೆ ಅವರು ಬರೀ ಅಂಕಿಗಳು. ರ‍್ಯಾಂಕು, ಎತ್ತರ, ತೂಕ, ಎದೆಯ ಸುತ್ತಳತೆ, ರಟ್ಟೆ, ಆಡಿದ ಕುಸ್ತಿ, ಗೆದ್ದ ಕುಸ್ತಿ.

ಆ ಆಟ ಗೊತ್ತಿಲ್ಲದವರು ಈಗ ನಲವತ್ತರ ಆಚೀಚಿನವರಲ್ಲಿ ಕಡಿಮೆ. ಕಟ್ಟನ್ನು ಸಮ ಹಂಚಿಕೊಂಡು ತಮ್ಮ ತಮ್ಮ ಮೇಲಿನ ಕಾರ್ಡು ಹಿಡಿಯುವುದು. ಸರದಿ ಇದ್ದವನು 'ತೂಕ' ಅಂತಲೋ 'ಎತ್ತರ' ಅಂತಲೋ ಕೂಗುವುದು. ಯಾರ ಅಂಕಿ ದೊಡ್ಡದೋ ಅವನಿಗೆ ಎರಡೂ ಕಾರ್ಡು. ಬ್ರಿಟನ್ನಿನ 'ಟಾಪ್ ಟ್ರಂಪ್ಸ್' ಎಂಬ ಆಟದ ಮಾದರಿ ಇದು. ಅಲ್ಲಿ ಅದು ವಿಮಾನ, ಕಾರುಗಳ ಚಿತ್ರ ಹೊತ್ತು 1970ರ ದಶಕದ ಕೊನೆಗೆ ಹಬ್ಬಿತ್ತು. ನಮ್ಮಲ್ಲಿಗೆ ಬರುವಾಗ ಪೈಲ್ವಾನರ ವೇಷ ಹಾಕಿಕೊಂಡು ಬಂತು.

ತೂಕ ಪೌಂಡಿನಲ್ಲಿ ಇರುತ್ತಿದ್ದುದು ನಮಗೊಂದು ಫಜೀತಿ. ನಮ್ಮ ದೊಡ್ಡಪ್ಪನ ಮಗ, ಲೆಕ್ಕದಲ್ಲಿ ಚುರುಕು, ಪೌಂಡನ್ನು ಕಿಲೋ ಮಾಡಿ ಕಿಲೋವನ್ನು ಕ್ವಿಂಟಲ್ ಮಾಡಿದ. ಯೊಕೊಝೂನಾನ ತೂಕ 500 ಪೌಂಡಿನ ಮೇಲೆ, ಅಂದರೆ ಎರಡೂಕಾಲು ಕ್ವಿಂಟಲ್. ಆಗ ನಮಗೆ ಮನುಷ್ಯ ಕಣ್ಣಿಗೆ ಕಟ್ಟಿದ. ಎರಡು ಜೋಳದ ಚೀಲ, ಮೇಲೊಂದು ಕಾಲು ಚೀಲ. ಜಾತ್ರೆಯಲ್ಲಿ ಕ್ವಿಂಟಲ್ ಚೀಲ ಹೊತ್ತು ನಡೆದವನಿಗೆ, ಸಂಗ್ರಾಣಿ ಕಲ್ಲು ಎತ್ತಿದವನಿಗೆ ಬೆಳ್ಳಿ ಕಡಗ ಹಾಕುವುದನ್ನು ಕಂಡ ನಮಗೆ ಈ ಲೆಕ್ಕದಿಂದ ಒಂದು ಪ್ರಶ್ನೆ ಹುಟ್ಟಿತು. ಆ ಯೊಕೊಝೂನಾನನ್ನು ನಮ್ಮ ಮುದುರ ಕಿವಿಯಾಂವ ಎತ್ತಬಲ್ಲನೇ?

ಇದೇ ಪ್ರಶ್ನೆಯಿಂದ ನಮ್ಮ ಕಟ್ಟು ಹುಟ್ಟಿತು. ಅಮೆರಿಕದವರಿಗೆ ಕಾರ್ಡು ಇರಬಹುದಾದರೆ ನಮ್ಮವರಿಗೆ ಯಾಕಿರಬಾರದು?

ಕಾಗದಕ್ಕೆ ಕೊರತೆ ಇರಲಿಲ್ಲ. ಮದುವೆ ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯ ಗೂಟಕ್ಕೂ ಒಂದು ಕಟ್ಟು ಲಗ್ನಪತ್ರಿಕೆ ತೂಗಾಡುತ್ತಿತ್ತು. ದಪ್ಪ ರಟ್ಟಿನವನ್ನು ಆರಿಸಿ, ಡಬ್ಲ್ಯುಡಬ್ಲ್ಯುಎಫ್ ಕಾರ್ಡನ್ನೇ ಅಳತೆಗೆ ಇಟ್ಟು ಕತ್ತರಿಸಿದೆವು. ಮುದ್ರಣವಾದ ಎರಡು ಮೈ ಒಳಗೆ ಮಾಡಿ ಜಾಲಿ ಅಂಟು ಸವರಿ ಜೋಡಿಸಿ, ಹಿಟ್ಟಿನ ಡಬ್ಬಿಯ ಕೆಳಗೆ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಕಾರ್ಡು ಗಟ್ಟಿ. ಆದರೂ ಅಂಚಿನಲ್ಲಿ ಅರಿಸಿನದ ಗುರುತೋ, 'ಚಿ॥ ಸೌ॥' ಎಂಬ ಅಕ್ಷರವೋ ಇಣುಕುತ್ತಿತ್ತು. ಆ ಗುರುತು ಹಿಡಿದು ಎದುರಾಳಿಯ ಕೈಯಲ್ಲಿ ಯಾವ ಪೈಲ್ವಾನ ಇದ್ದಾನೆಂದು ಹೇಳುವಷ್ಟು ನಾವು ಪಳಗಿದೆವು. ಇದು ಮೋಸವೋ ಕೌಶಲವೋ ಎಂಬ ವಾದ ಕೊನೆಯವರೆಗೂ ಬಗೆಹರಿಯಲಿಲ್ಲ.

ಅಕ್ಷರ ಅಕ್ಕನದು. ಅವಳ ಕೈಬರಹ ದುಂಡಗೆ. ಕೂಲಿ ಏನು ಬೇಕೆಂದು ಕೇಳಿದರೆ ಅವಳು ಕೇಳಿದ್ದು, "ಇದರಾಗ ಒಬ್ಬಾಕಿ ಹೆಣ್ಣ ಪೈಲ್ವಾನಕಿ ಇರಬೇಕು." ನಾವು ನಕ್ಕೆವು. ಹೆಣ್ಣು ಪೈಲ್ವಾನರು ಎಲ್ಲಿದ್ದಾರೆ? ಅಲೀಗಢದ ಹಮೀದಾ ಬಾನು ಗಂಡಸರಿಗೇ ಸವಾಲು ಹಾಕಿ ಕಣಕ್ಕಿಳಿಯುತ್ತಿದ್ದಳು, 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು ಎರಡು ನಿಮಿಷದೊಳಗೆ ಕೆಡವಿದ್ದಳು ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಅಕ್ಕ ನಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಪೈಲ್ವಾನರ ಅಂಕಿಗಳನ್ನು ಕಲೆಹಾಕುವುದೇ ದೊಡ್ಡ ಕೆಲಸ. ಅದಕ್ಕೆ ನಮಗಿದ್ದ ಒಂದೇ ದಫ್ತರ ಕುಸ್ತಿಯ ಹ್ಯಾಂಡಬಿಲ್ಲು. ಜಾತ್ರೆಗೆ ಎಂಟು ಹತ್ತು ದಿನ ಇರುವಾಗ ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಅಚ್ಚಾಗಿ ಬರುತ್ತಿತ್ತು. ತಲೆಯ ಮೇಲೆ ಗದೆ ಹಿಡಿದ ಹನುಮಂತ, ಕೆಳಗೆ 'ಜಂಗೀ ನಿಕಾಲಿ ಕುಸ್ತಿಗಳು', ಆಮೇಲೆ ಜೋಡಿಗಳು. ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು, ಹೆಸರಿಗಿಂತ ದಪ್ಪಗೆ ಊರು: ಇಚಲಕರಂಜಿ, ದಾವಣಗೆರೆ, ಸಾಂಗ್ಲಿ, ಮುಧೋಳ, ಜಮಖಂಡಿ. ಹಣ ಎಷ್ಟು, ಕಡಗ ಯಾರ ಕಡೆಯಿಂದ, ಕೊನೆಯ ಕುಸ್ತಿಗೆ ಬೆಳ್ಳಿ ಗದೆ ಕೊಟ್ಟವರು ಯಾರು. ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ 'ಪಂಚರ ನಿರ್ಣಯವೇ ಅಂತಿಮ'. ಚಹಾದಂಗಡಿಯ ಗೋಡೆಯಿಂದ ಹ್ಯಾಂಡಬಿಲ್ಲು ಕಿತ್ತು ತರುವುದರಲ್ಲಿ ಟೇಲರನ ಮಗ ನಿಪುಣ; ನೀರು ಚಿಮುಕಿಸಿ, ಅಂಟು ನೆನೆಯುವತನಕ ಅಂಗಡಿಯವನ ಜೊತೆ ಮಾತಾಡುತ್ತ ನಿಂತು, ಆಮೇಲೆ ಒಂದೇ ಎಳೆತ.

ಹೆಸರಿನ ಜಗಳಕ್ಕೂ ಹ್ಯಾಂಡಬಿಲ್ಲೇ ದಾರಿ ತೋರಿಸಿತು. ಕಾರ್ಡಿನಲ್ಲಿ ಊರು ದೊಡ್ಡದು, ಹೆಸರು ಸಣ್ಣದು. ಹೀಗೆ ಮಾಡಿದ ಮೇಲೆ ಹಣಮಂತರೆಲ್ಲ ಬೇರೆ ಬೇರೆಯಾದರು.

ಮೊದಲ ಕಟ್ಟು ಡಬ್ಲ್ಯುಡಬ್ಲ್ಯುಎಫ್‌ನ ನಕಲು. ಎತ್ತರ, ತೂಕ, ಎದೆ, ರಟ್ಟೆ. ಗೊತ್ತಿದ್ದವರದು ಗೊತ್ತಿದ್ದಂತೆ, ಗೊತ್ತಿಲ್ಲದವರದು ಅಂದಾಜು. ದೊಡ್ಡ ಪೈಲ್ವಾನರನ್ನೂ ಸೇರಿಸಿದೆವು: ಗಾಮಾ, ದಾರಾಸಿಂಗ್, ಕವಠೆ ಪಿರಾನಿನ ಮಾರುತಿ ಮಾನೆ. ಚಿಕ್ಕೋಡಿ ತಾಲ್ಲೂಕು ಎಕ್ಸಂಬಾದ ಶ್ರೀಪತಿ ಖಂಚನಾಳೆಯವರಿಗೆ ಮೊದಲ ಮಣೆ. 1959ರಲ್ಲಿ ಮೊಟ್ಟಮೊದಲ 'ಹಿಂದ್ ಕೇಸರಿ' ಆದವರು ಅವರು, ನಮ್ಮ ಸೀಮೆಯ ಪಕ್ಕದ ಊರಿನವರು. ಖಾಶಾಬಾ ಜಾಧವರನ್ನೂ ಹಾಕಿದೆವು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ.

ಆಟ ಮಾತ್ರ ಕೆಟ್ಟಿತು. 57 ಕಿಲೋ ವಿಭಾಗದಲ್ಲಿ ಸೆಣಸಿದ ಖಾಶಾಬಾ ಜಾಧವರು ಕೈಗೆ ಬಂದರೆ ಹುಡುಗರು ಮುಖ ಸಿಂಡರಿಸುತ್ತಿದ್ದರು. ತೂಕ ಕೂಗಿದರೂ ಸೋಲು, ಎತ್ತರ ಕೂಗಿದರೂ ಸೋಲು. ಒಲಿಂಪಿಕ್ ಪದಕ ತಂದವನು ಕಲಾದಗಿಯ ಹೊಟ್ಟೆ ಪೈಲ್ವಾನನ ಮುಂದೆ ಸೋಲುವುದೆಂದರೇನು? ರ‍್ಯಾಂಕಿನದು ಇನ್ನೊಂದು ತಕರಾರು. ಬೇರೆಲ್ಲ ಕಡೆ ದೊಡ್ಡ ಅಂಕಿ ಗೆಲ್ಲುತ್ತದೆ, ರ‍್ಯಾಂಕಿನಲ್ಲಿ ಮಾತ್ರ 1 ಗೆಲ್ಲುತ್ತದೆ. ಸಣ್ಣ ಹುಡುಗರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಮೈಸೂರಿನ ಗಂಜೀಫ ಎಲೆಗಳ ಬಗ್ಗೆ ಓದುವಾಗ ನನಗೆ ನಗು ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪ್ರಿಯವಾಗಿದ್ದ ಆ ದುಂಡನೆಯ ಎಲೆಗಳ ಆಟದಲ್ಲೂ ಅರ್ಧ ಬಣ್ಣಗಳಿಗೆ ಹತ್ತು ದೊಡ್ಡದು, ಇನ್ನರ್ಧಕ್ಕೆ ಒಂದು ದೊಡ್ಡದು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಅವುಗಳಲ್ಲಿ ಯಾವುದಕ್ಕೆ ಯಾವ ಲೆಕ್ಕವೆಂದು ನೆನಪಿಡುವುದೇ ಆಟದ ಅರ್ಧ ಜಾಣ್ಮೆ. ನಮ್ಮ ತಕರಾರು ಹೊಸದೇನಲ್ಲ.

ಒಂದು ಸಂಜೆ ಗರಡಿಯ ಕಟ್ಟೆಯ ಮೇಲೆ ಆಡುತ್ತಿದ್ದೆವು. ಗರಡಿಯಲ್ಲಿ ಪಟ್ಟು ಕಲಿಸುವ ವಸ್ತಾದ ಕಾಕಾ ಕೈಯಲ್ಲಿ ಸಲಿಕೆ ಹಿಡಿದು ಕಣದ ಮಣ್ಣು ಹೊರಳಿಸುತ್ತಿದ್ದರು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡುವ ದಿನವದು. ಆ ವಾಸನೆಗೇ ನಾವು ಅಲ್ಲಿ ಹೋಗಿ ಕೂರುತ್ತಿದ್ದೆವು. ನಮ್ಮ ಕೂಗಾಟ ಕೇಳಿ ಬಂದು ಒಂದು ಕಾರ್ಡು ಎತ್ತಿ ನೋಡಿದರು. ತಿರುಗಿಸಿದರು. ಓದಿದರು.

"ಇದೇನಲೇ, ಬರೇ ತೂಕ, ಬರೇ ಎತ್ತರ. ಪೈಲ್ವಾನ ಎಲ್ಲಿ ಅದಾನ ಇದರಾಗ?"

"ಇಲ್ಲೇ ಅದಾನಲ್ಲರಿ ಕಾಕಾ, ಹೆಸರೈತಿ ನೋಡ್ರಿ."

"ತೂಕದ ಮ್ಯಾಲ ಕುಸ್ತಿ ಹರೀತಿದ್ರ ತಕ್ಕಡಿ ತಂದು ನಿಲ್ಲಸ್ತಿದ್ವಿ. ಕಣ ಯಾಕ ಅಗೀತಿದ್ವಿ?"

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಕಟ್ಟೆಯ ಮೇಲೆ ಕೂತು ಗಾಮಾನ ಕತೆ ತೆಗೆದರು. ಗಾಮಾ ಲಂಡನ್ನಿಗೆ ಹೋದದ್ದು 1910ರಲ್ಲಿ. ಕುಳ್ಳ ಅಂತ ಅಲ್ಲಿನವರು ಮೊದಲು ಜೋಡಿಯನ್ನೇ ಕೊಡಲಿಲ್ಲ. ಕೊನೆಗೆ ಪೋಲೆಂಡಿನ ಝಿಬಿಸ್ಕೋ ಎದುರು ನಿಂತ. ದೈತ್ಯ ಆಳು. ಕುಸ್ತಿ ಸುರುವಾದ ಸ್ವಲ್ಪ ಹೊತ್ತಿಗೆ ಝಿಬಿಸ್ಕೋ ಬೋರಲು ಮಲಗಿದವನು ಏಳಲೇ ಇಲ್ಲ. ಗಾಮಾ ಎರಡೂವರೆ ತಾಸು ಅವನನ್ನು ಹೊರಳಿಸಲು ಹೆಣಗಿದ. ಸೋಲು ಗೆಲುವು ನಿಕಾಲಿ ಆಗಲಿಲ್ಲ, ಸಮ ಅಂದರು. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಅದೇ ಜೋಡಿ. ಆಗ ಒಂದು ನಿಮಿಷವೂ ಹಿಡಿಯಲಿಲ್ಲ, ಝಿಬಿಸ್ಕೋ ಚಿತ್.

"ಎರಡೂ ಸಲ ಅವರಿಬ್ರ ಎತ್ತರ ಅಷ್ಟ ಇತ್ತಪ್ಪಾ," ಅಂದರು ಕಾಕಾ. "ನಿಮ್ಮ ಚೀಟ್ಯಾಗ ಬರೀರಿ ನೋಡೂಣು ಅದನ್ನ."

ಆ ರಾತ್ರಿ ಕಟ್ಟು ಬಿಚ್ಚಿ ಹೊಸದಾಗಿ ಕೂಡಿಸಲು ಸುರು ಮಾಡಿದೆವು. ಪೈಲ್ವಾನರ ಕಾರ್ಡು ಬೇರೆ, ಪಟ್ಟಿನ ಕಾರ್ಡು ಬೇರೆ. ಧೋಬಿ ಪಛಾಡ್, ಢಾಕ್, ಕಲಾಜಂಗ್, ಸವಾರಿ. ಪ್ರತಿ ಪಟ್ಟಿಗೂ ಒಂದು ತೋಡು: ಅದನ್ನು ಬಿಡಿಸಿಕೊಳ್ಳುವ ಕಾರ್ಡು. ಯಾವ ಪಟ್ಟಿಗೆ ಯಾವ ತೋಡು ಎಂಬುದನ್ನು ನಾವೇ ಊಹಿಸಲಿಲ್ಲ. ಬೆಳಿಗ್ಗೆ ತಾಲೀಮಿನ ಹೊತ್ತಿಗೆ ಹೋಗಿ ಕೂತು ನೋಡಿದೆವು. ಎದುರಾಳಿಯನ್ನು ಹೆಗಲ ಮೇಲೆ ಅಡ್ಡ ಹೊತ್ತು ಎಸೆಯುವ ಕಲಾಜಂಗಿಗೆ ಕುಳ್ಳನೇ ಮೇಲು, ಅವನು ಎದುರಾಳಿಯ ಸೊಂಟದ ಕೆಳಗೆ ಸುಲಭವಾಗಿ ನುಗ್ಗುತ್ತಾನೆ. ಹಾಗಾಗಿ ನಮ್ಮ ಆಟದಲ್ಲಿ ಕಲಾಜಂಗ್ ಇಳಿಸಲು ನಿಮ್ಮ ಪೈಲ್ವಾನ ಎದುರಿನವನಿಗಿಂತ ಕುಳ್ಳ ಇರಬೇಕು. ಖಾಶಾಬಾ ಜಾಧವರಿಗೆ ಒಮ್ಮೆಗೇ ಬೆಲೆ ಬಂತು. ಅವರ ಕಾರ್ಡಿಗಾಗಿ ಗೋಲಿಗುಂಡುಗಳ ವಿನಿಮಯ ನಡೆಯಿತು.

ಝಿಬಿಸ್ಕೋನ ನೆನಪಿಗೆ 'ಮಲಗು' ಎಂಬ ಕಾರ್ಡು. ಇಳಿಸಿದರೆ ಯಾವ ಪಟ್ಟೂ ನಡೆಯದು, ಆದರೆ ಮಲಗಿದವನು ಗೆಲ್ಲಲೂ ಆರ. ಎರಡು ಸಲ ಸಾಲಾಗಿ ಮಲಗಿದರೆ ಪಂಚ 'ಸಮ' ಅನ್ನುತ್ತಾನೆ. ಪಂಚ ಅಂದರೆ ಮೂರನೆಯ ಹುಡುಗ. ಅವನ ಕೈಯಲ್ಲಿ ಕಾರ್ಡಿಲ್ಲ, ಬಾಯಿ ಮಾತ್ರ. ಅವನ ನಿರ್ಣಯ ಅಂತಿಮವೆಂದು ಹ್ಯಾಂಡಬಿಲ್ಲಿನಲ್ಲಿದ್ದರೂ ನಮ್ಮಲ್ಲಿ ಯಾವತ್ತೂ ಅಂತಿಮವಾಗಲಿಲ್ಲ.

ಕಾಕಾ ಒಂದು ನಿಯಮ ತಾವಾಗಿ ಹೇಳಿದರು. ಜೋಡಿ ಸರಿಯಿರಬೇಕು. ಜಾತ್ರೆಯಲ್ಲಿ ಊರ ಹಿರಿಯರು ಕಣದ ನಡುವೆ ನಿಂತು ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಾರೆ. ತೆಂಗಿನಕಾಯಿ ಸಲುವಾಗಿ ಸೆಣಸುವ ಸಣ್ಣ ಹುಡುಗರಿಂದ ಹಿಡಿದು ಗದೆಯ ಕುಸ್ತಿಯವರೆಗೆ, ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿ ನೋಡಿ, ಇಬ್ಬರ ಕೈ ಎತ್ತಿ ಜನರಿಗೆ ತೋರಿಸುತ್ತಾರೆ. ಜನ ಒಪ್ಪದಿದ್ದರೆ ಗದ್ದಲ. ಹಲಗೆಯ ಬಡಿತ ನಿಲ್ಲುತ್ತದೆ. ನಮ್ಮ ಆಟದಲ್ಲೂ ಜೋಡಿ ಒಪ್ಪದಿದ್ದರೆ ಪೈಲ್ವಾನನನ್ನು ಒಮ್ಮೆ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಮಾಡಿದೆವು. ನೋಡಲು ಸಣ್ಣ ನಿಯಮ. ಆದರೆ ಆಮೇಲೆ ಯಾರೂ ಬರೀ ದೊಡ್ಡ ಪೈಲ್ವಾನರನ್ನು ಕೂಡಿಹಾಕಲಿಲ್ಲ; ದೊಡ್ಡವನಿಗೆ ಜೋಡಿಯೇ ಸಿಗದೆ ಕೈಯಲ್ಲೇ ಉಳಿದುಬಿಡುತ್ತಿದ್ದ.

ಹನುಮಪ್ಪನ ಕಾರ್ಡು ಬೇಕೇ ಎಂಬ ಮಾತು ಬಂದಾಗ ಅವ್ವ ಅಡಿಗೆಮನೆಯಿಂದಲೇ ಗದರಿದಳು. "ದೇವರ ಜೋಡಿ ಯಾರನ್ನ ನಿಲ್ಲಸ್ತೀರಿ?" ಹಾಗಾಗಿ ಹನುಮಪ್ಪನ ಕಾರ್ಡು ಮಾಡಿದೆವು, ಆಡಲಿಲ್ಲ. ಕಟ್ಟಿನ ಮೇಲೆ ಅದು, ಸುತ್ತ ರಬ್ಬರು. ಶನಿವಾರ ಬಾಗಲಕೋಟೆ ಕಡೆಯಿಂದ ನಡೆದುಕೊಂಡು ಬಂದ ಭಕ್ತರ ಮಕ್ಕಳು ನಮ್ಮ ಜೊತೆ ಆಡಲು ಕೂತರೆ ಮೊದಲು ಆ ಕಾರ್ಡಿಗೆ ಕೈ ಮುಗಿಯುತ್ತಿದ್ದವು.

ಭೀಮನನ್ನು ಮಾತ್ರ ಬಿಡಲಿಲ್ಲ. ಕನ್ನಡ ಮಾಸ್ತರರು ರನ್ನನ ಪಾಠ ಮಾಡುವಾಗ, ಕಲಾದಗಿ, ಲೋಕಾಪುರ ದಾಟಿದರೆ ಸಿಗುವ ಮುಧೋಳವೇ ರನ್ನನ ಮುದುವೊಳಲು ಎಂದಿದ್ದರು. ಹತ್ತನೆಯ ಶತಮಾನದ ಕವಿ ನಮ್ಮ ಬಸ್ಸಿನ ದಾರಿಯಲ್ಲಿ ಹುಟ್ಟಿದವನೆಂದರೆ ಅವನ ಭೀಮ, ದುರ್ಯೋಧನರ ಮೇಲೆ ನಮಗೂ ಒಂದು ಹಕ್ಕು. ರನ್ನ ಮಾಡಿದ್ದೂ ಹೆಚ್ಚುಕಡಿಮೆ ನಮ್ಮದೇ ಕೆಲಸ ಎಂದು ಈಗ ಅನಿಸುತ್ತದೆ: ತನ್ನ ದೊರೆ ಸತ್ಯಾಶ್ರಯನನ್ನು ಭೀಮನ ಜಾಗದಲ್ಲಿ ನಿಲ್ಲಿಸಿ ಇಡೀ ಕಾಳಗ ಕಟ್ಟಿದ. ನಾವು ಮುದುರ ಕಿವಿಯವನನ್ನು ನಿಲ್ಲಿಸಿದೆವು. ದುರ್ಯೋಧನನ ತೊಡೆಗೆ ಬಿದ್ದ ಏಟು ನಿಯಮ ಮೀರಿದ್ದು, ನಾಭಿಯ ಕೆಳಗೆ ಹೊಡೆಯುವಂತಿಲ್ಲ ಎಂದು ಮಾಸ್ತರರು ಹೇಳಿದ್ದಕ್ಕೆ 'ತೊಡೆ ಏಟು' ಎಂಬ ಕಾರ್ಡನ್ನೂ ಮಾಡಿದೆವು. ಅದನ್ನು ಇಳಿಸಿದವನು ಆ ಕುಸ್ತಿ ಗೆಲ್ಲುತ್ತಾನೆ, ಆದರೆ ಕಡಗ ಅವನಿಗಿಲ್ಲ.

ಅದೇ ದಿನಗಳಲ್ಲಿ ಹಳೇ ಬಾಗಲಕೋಟೆಯ ಒಂದು ಗಲ್ಲಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಸ್ಟ್ರೀಟ್ ಫೈಟರ್ ಕಂಡೆ. ಕತ್ತಲೆ ಕೋಣೆ, ನಾಣ್ಯ ಹಾಕುವ ಯಂತ್ರ, ಸುತ್ತಲೂ ಹುಡುಗರು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ತಂದ 'ಸ್ಟ್ರೀಟ್ ಫೈಟರ್ 2'ರಲ್ಲಿ ಆರಿಸಿಕೊಳ್ಳಲು ಎಂಟು ಜನ. ಎಲ್ಲರೂ ರ‍್ಯೂ, ಕೆನ್ ಅನ್ನುತ್ತಿದ್ದರು. ದೂರ ನಿಂತು ಕೈಯಿಂದ ಬೆಂಕಿ ಉಗುಳಿಸುವವರು. ಭಾರತದವನೆಂದು ಧಾಲ್ಸಿಮ್ ಎಂಬ ಯೋಗಿ ಇದ್ದ, ಕೊರಳಲ್ಲಿ ತಲೆಬುರುಡೆ ಮಾಲೆ, ಕೈಕಾಲು ಮಾರುಗಟ್ಟಲೆ ಉದ್ದವಾಗುತ್ತಿದ್ದವು. ಇಂಥ ಭಾರತೀಯನನ್ನು ನಾವ್ಯಾರೂ ಕಂಡಿರಲಿಲ್ಲ. ನಾನು ಹಿಡಿದದ್ದು ಝಂಗೀಫ್. ರಷ್ಯಾದ ಕುಸ್ತಿಪಟು, ಕೆಂಪು ಚಡ್ಡಿ, ಕರಡಿಗಳ ಜೊತೆ ಸೆಣಸಿ ಮೈತುಂಬ ಗಾಯದ ಕಲೆ. ಅವನ ದೊಡ್ಡ ಪಟ್ಟು ಹಾಕಲು ಹಿಡಿಕೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಬೇಕು. ಗುಂಡಿ ಒತ್ತುವ ಹೊತ್ತಿಗೆ ಎದುರಾಳಿಯ ಹತ್ತಿರವೇ ಇರಬೇಕು. ದೂರದಿಂದ ಬೆಂಕಿ ಬರುತ್ತಿರುವಾಗ ಹತ್ತಿರ ಹೋಗುವುದೇ ಅವನ ಇಡೀ ಪಾಡು. ಗರಡಿಯಲ್ಲಿ ಕೂತು ನೋಡಿದವನಿಗೆ ಅದು ತಕ್ಷಣ ಅರ್ಥವಾಗುತ್ತದೆ. ಕೈಗೆ ಕೈ ಸಿಗುವವರೆಗೆ ಪೈಲ್ವಾನ ಪೈಲ್ವಾನನೇ ಅಲ್ಲ. ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಒಂದಷ್ಟು ಭಾಗ ಹೋಗಿ, ಜನ ನವನಗರಕ್ಕೆ ಎದ್ದರು. ಆ ಅಂಗಡಿಯೂ ಉಳಿಯಲಿಲ್ಲ. ನಮ್ಮ ಕಟ್ಟೂ ಉಳಿಯಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲಿಗೆ ಆಯಿತು.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಬೆಂಗಳೂರಿನಲ್ಲಿ, ಅಕ್ಕನ ಮಗನಿಂದ. ಅವನಿಗೆ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಕಾರ್ಡಾಟದ ಹುಚ್ಚು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ 1993ರಲ್ಲಿ ಹೊರತಂದ ಆಟ. ಕೊಂಡ ಕಾರ್ಡುಗಳಿಂದ ನಮ್ಮ ಕಟ್ಟನ್ನು ನಾವೇ ಕೂಡಿಸಿಕೊಂಡು ಆಡುವ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ್ದು ಅದೇ. 2022ರಲ್ಲಿ ಆ ಆಟದ ಕಂಪನಿ ಸ್ಟ್ರೀಟ್ ಫೈಟರ್‌ನ ಎಂಟು ಜನರನ್ನು ಕಾರ್ಡು ಮಾಡಿತು. ಹುಡುಗ ಫೋನಿನಲ್ಲಿ ತೋರಿಸಿದ. "ಮಾಮಾ, ನೀವು ಯಾವಾಗ್ಲೂ ಹೇಳ್ತಿದ್ರಲ್ಲ, ಝಂಗೀಫ್. ನೋಡಿ."

ನೋಡಿದೆ. ಚಿತ್ರಕ್ಕಿಂತ ಕೆಳಗಿನ ಬರಹವನ್ನು ಓದಿದೆ. ಬಲ 7, ತಾಳಿಕೆ 4. ಅವನು ಮುಂದೆ ಬಂದರೆ ಎದುರಾಳಿ ಯಾರನ್ನಾದರೂ ಅಡ್ಡ ನಿಲ್ಲಿಸಲೇಬೇಕು, ಸುಮ್ಮನೆ ಬಿಡುವಂತಿಲ್ಲ. ತನ್ನ ಸರದಿಯಲ್ಲಿ ಅವನು ನಾಶವಾಗುವುದಿಲ್ಲ. ಕೈಗೆ ಸಿಕ್ಕವನಿಗೆ ಬೇಕಾದ್ದಕ್ಕಿಂತ ಹೆಚ್ಚು ಏಟು ಬಿದ್ದರೆ ಆ ಎದುರಾಳಿ ತನ್ನ ಸಾಮಾನೊಂದನ್ನು ಕಳೆದುಕೊಳ್ಳುತ್ತಾನೆ. ನಾನು ಕುರ್ಚಿಯಿಂದ ಎದ್ದುನಿಂತೆ. ಜಾತ್ರೆಯಲ್ಲಿ ದೊಡ್ಡ ಪೈಲ್ವಾನ ತೊಡೆ ತಟ್ಟಿ, ಎರಡೂ ಕೈ ಮೇಲೆತ್ತಿ ಕಣ ಸುತ್ತುತ್ತಾನಲ್ಲ, ಆಗ ಎದುರಿನ ತಾಲೀಮಿನವರು ಯಾರನ್ನಾದರೂ ಕಳಿಸಲೇಬೇಕು. ಇಲ್ಲದಿದ್ದರೆ ಮಾನ ಹೋಯಿತು. ಆ ಕಂಪನಿ ಇರುವ ಸಿಯಾಟಲ್ ಕಡೆ ಕೂತು ಇದನ್ನು ಬರೆದವನು ಯಾವ ಕಣ ನೋಡಿದ್ದನೋ! ವಸ್ತಾದ ಕಾಕಾ ಇದ್ದಿದ್ದರೆ ಆ ಕಾರ್ಡು ತಿರುಗಿಸಿ ಓದಿ, 'ಹೂಂ, ಇದರಾಗ ಪೈಲ್ವಾನ ಅದಾನ' ಅನ್ನುತ್ತಿದ್ದರು.

ನೂರು ಕಾರ್ಡಿನ ಕಟ್ಟು ಕೂಡಿಸಲು ಕೂತೆವು. ಒಬ್ಬ ನಾಯಕ, ಅವನ ಬಣ್ಣಕ್ಕೆ ಒಪ್ಪುವ ಉಳಿದವು, ಮೂಲ ಭೂಮಿಯ ಕಾರ್ಡು ಬಿಟ್ಟರೆ ಒಂದೊಂದೇ ಪ್ರತಿ. ಝಂಗೀಫನಿಗೆ ಕಪ್ಪು, ಕೆಂಪು, ಹಸಿರು ಸಲ್ಲುತ್ತವೆ. ನಾನು ಕುಸ್ತಿ ಕಂಡದ್ದನ್ನೆಲ್ಲ ಆರಿಸುತ್ತ ಹೋದೆ. ಈ ಆಟದಲ್ಲಿ 'ಫೈಟ್' ಅನ್ನುವ ಕ್ರಿಯೆ ಇದೆ: ಎರಡು ಜೀವಿಗಳು ಪರಸ್ಪರ ತಮ್ಮ ಬಲದಷ್ಟು ಏಟು ಕೊಟ್ಟುಕೊಳ್ಳುತ್ತವೆ, ಬೇರೆ ಯಾರಿಗೂ ತಾಗುವುದಿಲ್ಲ. ಶುದ್ಧ ಜೋಡಿ ಕುಸ್ತಿ. ಅಂಥವನ್ನೆಲ್ಲ ಹಾಕಿದೆ. ಅಕ್ಕನ ಹಳೇ ಬೇಡಿಕೆ ನೆನಪಾಗಿ, ಸ್ಟ್ರೀಟ್ ಫೈಟರ್‌ನ ಆ ಎಂಟು ಜನರಲ್ಲಿ ಹೆಣ್ಣಾದ ಚುನ್-ಲೀಯನ್ನು ಹಾಕಹೋದೆ. ಬಿಳಿ, ನೀಲಿ ಬಣ್ಣದವಳು, ಝಂಗೀಫನ ಕಟ್ಟಿಗೆ ಸೇರುವುದಿಲ್ಲ ಎಂದ ಹುಡುಗ. ಅಕ್ಕನಿಗೆ ಹೇಳಿದರೆ, "ಮೂವತ್ತ ವರ್ಷ ಆತು, ಇನ್ನೂ ಬಣ್ಣ ಕೂಡವಲ್ದೇನ?" ಅಂದಳು.

ಭೂಮಿ ಎಷ್ಟು ಎಂದು ಕೇಳಿದ. ಹತ್ತು ಸಾಕಲ್ಲವೇ ಅಂದೆ. ಅವನು ನಕ್ಕ. ನೂರರಲ್ಲಿ ಮೂವತ್ತಾರು, ಮೂವತ್ತೇಳು ಭೂಮಿಯ ಕಾರ್ಡೇ ಇರಬೇಕಂ‌ತೆ; ಭೂಮಿಯಿಂದ ಶಕ್ತಿ, ಶಕ್ತಿಯಿಂದ ಪೈಲ್ವಾನ. ಬಯಲುಸೀಮೆಯ ಒಕ್ಕಲಿಗನ ಮಗನಿಗೆ ಇದನ್ನು ಬೆಂಗಳೂರಿನ ಹುಡುಗ ಹೇಳಬೇಕಾಯಿತು. ನಮ್ಮ ಲಗ್ನಪತ್ರಿಕೆಯ ಕಟ್ಟಿನಲ್ಲಿ ಇಲ್ಲದೆ ಹೋದದ್ದು ಇದೊಂದೇ. ಪೈಲ್ವಾನ ಹಾಲು, ತುಪ್ಪ, ಬದಾಮಿಲ್ಲದೆ ಹುಟ್ಟುವುದಿಲ್ಲ. ಆ ಖುರಾಕಿನ ಹಿಂದೆ ಯಾರದೋ ಹೊಲ ಇರುತ್ತದೆ, ಇಲ್ಲವೇ ರಾಜನಿರುತ್ತಾನೆ. ಕೊಲ್ಲಾಪುರದ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿದರು, 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ನಮ್ಮ ಊರುಗಳ ಗರಡಿಗಳು ಬಡವಾದದ್ದು ಹುಡುಗರ ಕಸುವು ಕಡಿಮೆಯಾಗಿ ಅಲ್ಲ. ಖುರಾಕು ಕೊಡುವ ಕೈ ಕಡಿಮೆಯಾಗಿ.

ಅಸಲಿ ಝಂಗೀಫ್ ಕಾರ್ಡಿನ ಬೆಲೆ ಕೇಳಿ ಕೈಬಿಟ್ಟೆ. ಅದೇ ಬಲ, ಅದೇ ಬರಹ ಇರುವ, 'ಮಾರಿಕಾ' ಎಂಬ ಹೆಸರಿನ ಇನ್ನೊಂದು ಕಾರ್ಡನ್ನು ಕಂಪನಿಯೇ ಹೊರತಂದಿದೆ. ಅದೂ ಕೈಗೆ ಸಿಗುವ ತನಕ ಒಂದು ಚೀಟಿಯಲ್ಲಿ ಬರೆದು, ಬೇರೆ ಕಾರ್ಡಿನ ಮುಂದಿಟ್ಟು ಪ್ಲಾಸ್ಟಿಕ್ ಕವರಿಗೆ ತುರುಕಿದೆ. ಗೆಳೆಯರ ಮೇಜಿನಲ್ಲಿ ಇದು ನಡೆಯುತ್ತದೆ.

ಮೊದಲ ಆಟಗಳಲ್ಲಿ ಸೋಲು. ಝಂಗೀಫ್ ನಾಶವಾಗದಿರುವುದು ನನ್ನ ಸರದಿಯಲ್ಲಿ ಮಾತ್ರ. ಎದುರಿನವರು ತಮ್ಮ ಸರದಿ ಬರುವವರೆಗೆ ಕಾದು ಸುಲಭವಾಗಿ ಮುಗಿಸುತ್ತಿದ್ದರು. "ಮಾಮಾ, ಝಂಗೀಫ್ ಒಬ್ನಿಂದಲೇ ಡೆಕ್ ಆಗಲ್ಲ. ಅವನನ್ನ ಕಾಯೋರು ಬೇಕು," ಅಂದ ಹುಡುಗ. ಕೆಂಪು ಚಡ್ಡಿ, ಗದೆ, ಕರಡಿ ಅಂತ ಚಿತ್ರ ನೋಡಿ ಹಾಕಿದ್ದ ಕಾರ್ಡುಗಳನ್ನು ಒಂದೊಂದಾಗಿ ತೆಗೆಸಿದ. ಅವುಗಳ ಜಾಗದಲ್ಲಿ ಬಂದವು ನೋಡಲು ಸಪ್ಪೆ: ಎದುರಿನವರ ಮಂತ್ರದ ಗುರಿಯಾಗದಂತೆ ಕಾಯುವ ಬೂಟು, ಸತ್ತವನನ್ನು ಹಿಂದಕ್ಕೆ ತರುವ ಮಂತ್ರ. ನಾನು ಜಗಳ ಮಾಡಿದೆ. ಇದರಲ್ಲಿ ಸ್ಟ್ರೀಟ್ ಫೈಟರ್ ಎಲ್ಲಿದೆ, ಕುಸ್ತಿ ಎಲ್ಲಿದೆ? ಆಡಿ ನೋಡಿದ ಮೇಲೆ ಜಗಳ ನಿಂತಿತು. ಕಾಯುವವರಿದ್ದಾಗ ಝಂಗೀಫ್ ಮೇಜಿನ ಮೇಲೆ ಸರದಿ ಸರದಿಗೂ ಉಳಿದ, ಪ್ರತಿ ಸಲವೂ ಯಾರಾದರೊಬ್ಬರು ಎದ್ದು ಅವನೆದುರು ಬರಲೇಬೇಕಾಯಿತು. ಎದುರು ಕೂತ ಹುಡುಗರು 'ಈ ಸಲ ಯಾರನ್ನ ಕಳಿಸ್ಲಿ, ಯಾರನ್ನ ಕಳಿಸ್ಲಿ' ಅನ್ನತೊಡಗಿದರು. ಅದೇ ಜಾತ್ರೆಯ ಗದ್ದಲ. ಪೈಲ್ವಾನನ ಚಿತ್ರ ಒಂದೂ ಇಲ್ಲದ ಕಟ್ಟಿನಲ್ಲಿ ಕುಸ್ತಿ ನಡೆಯುತ್ತಿತ್ತು. ಚಿತ್ರಗಳೇ ತುಂಬಿದ್ದ ನನ್ನ ಮೊದಲ ಕಟ್ಟು ಬರೀ ಪೋಸ್ಟರು.

ಆಟದಲ್ಲಿ ಪೈಲ್ವಾನ ಹುಟ್ಟುವುದು ಚಿತ್ರದಿಂದಲ್ಲ, ನಿಯಮದಿಂದ; ಈ ವಿಷಯದಲ್ಲಿ ನನ್ನ ತೀರ್ಮಾನ ಗಟ್ಟಿ. ಸ್ಟ್ರೀಟ್ ಫೈಟರ್ ಕಾರ್ಡಾಟಗಳು ಬೇರೆಯೂ ಇವೆ. 2006ರಲ್ಲಿ ಬಂದ 'ಯುನಿವರ್ಸಲ್ ಫೈಟಿಂಗ್ ಸಿಸ್ಟಮ್' ಎಂಬುದರಲ್ಲಿ ಹೊಡೆತಕ್ಕೆ ಮೇಲೆ, ನಡು, ಕೆಳಗೆ ಎಂಬ ಮೂರು ನೆಲೆಗಳಿದ್ದು, ತಡೆಯುವವನು ಸರಿಯಾದ ನೆಲೆಯಲ್ಲಿ ತಡೆಯಬೇಕು. ಅದು ರನ್ನನಿಗೂ ಒಪ್ಪುತ್ತಿತ್ತು. ಆದರೆ ಅಂಗಡಿಯಲ್ಲಿ ಇವತ್ತು ಮಕ್ಕಳಿಗೆ ಸಿಗುವ ಬಹುಪಾಲು ಕಾರ್ಡುಗಳು ಹೀರೋನ ಮುಖ ಅಂಟಿಸಿದ ಅಂಕಿಪಟ್ಟಿಗಳು. ದುಡ್ಡು ಹೆಚ್ಚು ಇದ್ದವನ ಅಂಕಿ ದೊಡ್ಡದು. ಅಂಥದ್ದನ್ನು ನಾವು ಹತ್ತನೆಯ ವಯಸ್ಸಿನಲ್ಲೇ ಆಡಿ ಬೇಸತ್ತಿದ್ದೆವು.

ಈಗ ಅಕ್ಕನ ಮಗ, ನಾನು ಇಬ್ಬರೂ ಸೇರಿ ತುಳಸಿಗೇರಿಯ ಆ ಕಟ್ಟನ್ನು ಮತ್ತೆ ಬರೆಯುತ್ತಿದ್ದೇವೆ. ಈ ಸಲ ಖುರಾಕಿನ ಕಾರ್ಡು ಇದೆ, ಹೊಲ ಇದೆ, ಹಮೀದಾ ಬಾನು ಇದ್ದಾಳೆ, 2016ರ ರಿಯೋ ಒಲಿಂಪಿಕ್ಸಿನಲ್ಲಿ ಕಂಚು ತಂದ ಸಾಕ್ಷಿ ಮಲಿಕ್ ಇದ್ದಾಳೆ. ಪಟ್ಟುಗಳು ಇವೆ. ಇಲ್ಲದಿರುವುದು ಊರ ಪೈಲ್ವಾನರು. ಅವರ ಹೆಸರು, ಊರು, ಯಾರ ಜೋಡಿ ಯಾರು ಹಿಡಿದರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ಆ ತೆಳು ಕಾಗದಗಳಲ್ಲಿ ಮಾತ್ರ ಇತ್ತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯವರೇ, ನಿಮ್ಮ ಮನೆಯ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗದ ನಡುವೆ, ಸೀರೆಯ ಮಡಿಕೆಯ ಕೆಳಗೆ ಜಾತ್ರೆಯ ಕುಸ್ತಿ ಹ್ಯಾಂಡಬಿಲ್ಲು ಸಿಕ್ಕರೆ ರದ್ದಿಗೆ ಹಾಕಬೇಡಿ. ಮನೆಯ ಹುಡುಗರ ಕೈಗೆ ಕೊಡಿ, ಆ ಹೆಸರುಗಳನ್ನು ಓದಿಸಿ.